ಅಂಗಳದಲ್ಲಿ ರಾಶಿ ಬಿದ್ದ ಧೈರ್ಯ: ಕಲ್ಲಿದ್ದಲನ್ನು ಬಿಡುವುದು ಏಕೆ ಇಷ್ಟು ಕಷ್ಟ?

ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಚಿಮಣಿಯನ್ನು ಎಲ್ಲರೂ ನೋಡುತ್ತಾರೆ, ಅಂಗಳವನ್ನು ಯಾರೂ ನೋಡುವುದಿಲ್ಲ. ಅಲ್ಲಿ ಕಲ್ಲಿದ್ದಲು ಗುಡ್ಡದಂತೆ ಬಿದ್ದಿರುತ್ತದೆ. ಅದರ ಮೇಲೆ ಬುಲ್ಡೋಜರ್ ಒಂದು ಅತ್ತಿಂದಿತ್ತ ಓಡಾಡುತ್ತಿರುತ್ತದೆ. ಚಾಲಕ ಸುಮ್ಮನೆ ಸುತ್ತು ಹೊಡೆಯುತ್ತಿಲ್ಲ, ರಾಶಿಯನ್ನು ಅದುಮುತ್ತಿದ್ದಾನೆ. ಸಡಿಲವಾಗಿ ಸುರಿದ ಕಲ್ಲಿದ್ದಲಿನ ಸಂದುಗಳಿಗೆ ಗಾಳಿ ನುಗ್ಗಿದರೆ ಅದು ಒಳಗೊಳಗೇ ಕಾವೇರುತ್ತದೆ. ಯಾರೂ ಕಡ್ಡಿ ಗೀರದಿದ್ದರೂ ಒಂದು ದಿನ ಹೊಗೆಯಾಡತೊಡಗುತ್ತದೆ. ಅದಕ್ಕೇ ಅದುಮಬೇಕು, ನೀರು ಚಿಮುಕಿಸಬೇಕು, ಹಳೆಯದನ್ನು ಮೊದಲು ಉರಿಸಬೇಕು. ಇಷ್ಟು ಕಾಟ ಕೊಡುವ ಈ ಕಪ್ಪು ಗುಡ್ಡವನ್ನು ಸ್ಥಾವರದವರು ದಿನಾ ಅಳೆಯುತ್ತಾರೆ. ಅಳತೆ ಟನ್ನುಗಳಲ್ಲಿ ನಡೆಯುತ್ತದೆ. ಮೇಲಿನವರು ಮಾತ್ರ ಟನ್ನು ಕೇಳುವುದಿಲ್ಲ, "ಎಷ್ಟು ದಿನದ್ದಿದೆ?" ಎನ್ನುತ್ತಾರೆ.

ಈ ಪ್ರಶ್ನೆಯ ಹಿಂದಿನ ಗಣಿತ ಸರಳ. 1,000 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ಇಡೀ ದಿನ ಪೂರ್ತಿ ಓಡಿದರೆ 2.4 ಕೋಟಿ ಯೂನಿಟ್ ವಿದ್ಯುತ್ ಬರುತ್ತದೆ. ಬೂದಿಯ ಅಂಶ ಹೆಚ್ಚಿರುವ ಸಾಧಾರಣ ಕಲ್ಲಿದ್ದಲಾದರೆ ಯೂನಿಟ್ಟಿಗೆ ಸುಮಾರು 650 ಗ್ರಾಂ ಬೇಕು. ಅಂದರೆ ದಿನಕ್ಕೆ ಹದಿನೈದು ಸಾವಿರ ಟನ್ನಿಗೂ ಮೇಲೆ. ಉದ್ದನೆಯ ಗೂಡ್ಸ್ ರೈಲೊಂದು ನಾಲ್ಕು ಸಾವಿರ ಟನ್ನಿನ ಆಸುಪಾಸು ಹೊರುತ್ತದೆ. ದಿನಕ್ಕೆ ನಾಲ್ಕು ರೈಲು, ಮಳೆಗಾಲ ಬೇಸಿಗೆ ಎನ್ನದೆ, ಹಬ್ಬ ಮುಷ್ಕರ ಎನ್ನದೆ. ಅದರಲ್ಲಿ ಎರಡು ತಡವಾದರೆ ಗುಡ್ಡ ಕರಗತೊಡಗುತ್ತದೆ.

ಇಂಧನ ಭದ್ರತೆ ಎಂಬ ದೊಡ್ಡ ಮಾತು ಈ ಗುಡ್ಡದ ಎತ್ತರವಲ್ಲದೆ ಬೇರೇನಲ್ಲ ಎಂದು ನಂಬಿ ನಡೆಯುವ ಸರ್ಕಾರಗಳು ಬಹಳ ಇವೆ. ಅವುಗಳನ್ನು ಪೂರ್ತಿ ದೂರಲೂ ಆಗದು. ಕಲ್ಲಿದ್ದಲಿನ ಕುರಿತ ಚರ್ಚೆಯಲ್ಲಿ ನಾವು ಸಾಮಾನ್ಯವಾಗಿ ಅದು ಎಷ್ಟು ಉರಿಯುತ್ತದೆ, ಎಷ್ಟು ಹೊಗೆಯುಗುಳುತ್ತದೆ ಎಂದಷ್ಟೇ ಮಾತನಾಡುತ್ತೇವೆ. ಅದು ಉರಿಯದೆ ಸುಮ್ಮನೆ ಬಿದ್ದಿರುವಾಗ ಮಾಡುವ ಕೆಲಸ ಲೆಕ್ಕಕ್ಕೇ ಬರುವುದಿಲ್ಲ. ಬಿಡುವುದು ಏಕೆ ಕಷ್ಟ ಎಂಬುದು ತಿಳಿಯಬೇಕಾದರೆ ಅಲ್ಲಿಂದಲೇ ಹೊರಡಬೇಕು.

ಮೊದಲು ಭದ್ರತೆ ಎಂದರೇನು ನೋಡೋಣ. 1973ರಲ್ಲಿ ಅರಬ್ ದೇಶಗಳು ತೈಲ ಪೂರೈಕೆ ತಡೆಹಿಡಿದಾಗ ಶ್ರೀಮಂತ ದೇಶಗಳು ಬೆಚ್ಚಿಬಿದ್ದವು. ಮರುವರ್ಷ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹುಟ್ಟಿತು. ಇಂಧನ ಎಡೆಬಿಡದೆ ಸಿಗಬೇಕು, ಕೈಗೆಟಕುವ ಬೆಲೆಗೆ ಸಿಗಬೇಕು ಎಂಬುದು ಅದು ಹೇಳುವ ಅರ್ಥ. ಎರಡೂ ಷರತ್ತು ಮುಖ್ಯ. ದೀಪ ಉರಿಯುತ್ತಿದ್ದು ಬಿಲ್ ಕಟ್ಟಲಾಗದಿದ್ದರೆ ಅದೂ ಅಭದ್ರತೆಯೇ. ತೈಲದ ಹೊಡೆತ ತಿಂದ ಹಲವು ದೇಶಗಳು ಆಗ ಕಲ್ಲಿದ್ದಲಿನತ್ತ ಹೊರಳಿದವು, ಫ್ರಾನ್ಸ್ ಪರಮಾಣು ಸ್ಥಾವರಗಳನ್ನು ಸಾಲಾಗಿ ಕಟ್ಟಿತು. ಕಲ್ಲಿದ್ದಲಿಗೆ 'ಭದ್ರ ಇಂಧನ' ಎಂಬ ಹೆಸರು ಗಟ್ಟಿಯಾದದ್ದು ಹೀಗೆ: ನೆಲ ನಮ್ಮದು, ಗಣಿ ನಮ್ಮದು, ಹಡಗು ಬರುವುದನ್ನು ಕಾಯಬೇಕಾಗಿಲ್ಲ.

ಇನ್ನೊಂದು ತಕ್ಕಡಿಯಲ್ಲಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಜಗತ್ತಿನ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಭಾಗ ಕಲ್ಲಿದ್ದಲಿನಿಂದ ಬರುತ್ತದೆ. ಇಂಧನ ಉರಿಸುವುದರಿಂದ ಹೊಮ್ಮುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಕಲ್ಲಿದ್ದಲಿನ ಪಾಲು ಸುಮಾರು ಶೇ 40. ಒಂದು ಯೂನಿಟ್ ವಿದ್ಯುತ್ತಿಗೆ ಅದು ಹೆಚ್ಚುಕಡಿಮೆ ಒಂದು ಕಿಲೋ ಡೈಆಕ್ಸೈಡ್ ಬಿಡುತ್ತದೆ. ನೈಸರ್ಗಿಕ ಅನಿಲ ಅದರ ಅರ್ಧದಷ್ಟು. ಹಾರುಬೂದಿ, ಗಂಧಕ, ಪಾದರಸ ಇವು ಬೇರೆ. ತಾಪಮಾನಕ್ಕೆ ಕಡಿವಾಣ ಹಾಕಬೇಕೆಂದರೆ ಮೊದಲು ಕೈಹಾಕಬೇಕಾದದ್ದು ಇಲ್ಲಿಗೇ. ಉಕ್ಕು ಕರಗಿಸುವ ಕುಲುಮೆಗೆ ಬೇಕಾಗುವ ಕಲ್ಲಿದ್ದಲಿನದು ಬೇರೆಯೇ ಕಥೆ, ಅದನ್ನು ಇಲ್ಲಿ ಬದಿಗಿಡುತ್ತೇನೆ.

ಒಂದು ಶರತ್ಕಾಲ, ಎರಡು ದೇಶ, ಒಂದು ಪದ

2021ರ ಸೆಪ್ಟೆಂಬರ್‌ನಲ್ಲಿ ಚೀನಾದ ಈಶಾನ್ಯ ಪ್ರಾಂತ್ಯಗಳಲ್ಲಿ ಟ್ರಾಫಿಕ್ ದೀಪಗಳು ಆರಿದವು, ಕಾರ್ಖಾನೆಗಳು ಪಾಳಿ ಕಡಿತಗೊಳಿಸಿದವು. ಜಗತ್ತಿನ ಕಲ್ಲಿದ್ದಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಉರಿಸುವ ದೇಶದಲ್ಲಿ ಸ್ಥಾವರಗಳ ಕೊರತೆಯೇನೂ ಇರಲಿಲ್ಲ. ಕಲ್ಲಿದ್ದಲಿನ ಬೆಲೆ ಗಗನಕ್ಕೇರಿತ್ತು, ವಿದ್ಯುತ್ತಿನ ದರಕ್ಕೆ ಸರ್ಕಾರ ಮಿತಿ ಹಾಕಿತ್ತು. ಯೂನಿಟ್ ಉತ್ಪಾದಿಸಿದಷ್ಟೂ ನಷ್ಟ ಎಂದಾಗ ಸ್ಥಾವರ ನಡೆಸುವವರು ಕೈಕಟ್ಟಿ ಕುಳಿತರು. ಅಕ್ಟೋಬರ್‌ನಲ್ಲಿ ಭಾರತದ ಸರದಿ. ಸ್ಥಾವರಗಳ ಅಂಗಳದಲ್ಲಿ ಸರಾಸರಿ ನಾಲ್ಕೇ ದಿನದ ದಾಸ್ತಾನು ಉಳಿದಿತ್ತು. ಕೊರೊನಾ ನಂತರ ಬೇಡಿಕೆ ಒಮ್ಮೆಲೇ ಜಿಗಿದಿತ್ತು, ಮಳೆ ಗಣಿಗಳಿಗೆ ನುಗ್ಗಿತ್ತು, ಆಮದು ಕಲ್ಲಿದ್ದಲು ಮುಟ್ಟಲಾರದಷ್ಟು ತುಟ್ಟಿಯಾಗಿತ್ತು. 2022ರ ಬೇಸಿಗೆಯಲ್ಲಂತೂ ಕಲ್ಲಿದ್ದಲಿನ ರೈಲುಗಳಿಗೆ ದಾರಿ ಬಿಡಲು ಪ್ರಯಾಣಿಕರ ರೈಲುಗಳನ್ನೇ ರದ್ದುಪಡಿಸಬೇಕಾಯಿತು.

ಈ ಎರಡು ದೇಶಗಳ ಪ್ರತಿನಿಧಿಗಳು 2021ರ ನವೆಂಬರ್‌ನಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಕುಳಿತದ್ದು ಇಂಥ ವಾರಗಳ ಬೆನ್ನಿಗೇ. ಹೊಗೆಯನ್ನು ಹಿಡಿದಿಡುವ ವ್ಯವಸ್ಥೆಯಿಲ್ಲದ ಕಲ್ಲಿದ್ದಲನ್ನು ಹಂತ ಹಂತವಾಗಿ 'ಕೈಬಿಡುವುದು' ಎಂದಿದ್ದ ಕರಡು ಕೊನೆಯ ಗಳಿಗೆಯಲ್ಲಿ 'ತಗ್ಗಿಸುವುದು' ಎಂದಾಯಿತು. ಭಾರತ ಆ ತಿದ್ದುಪಡಿಯನ್ನು ಸಭೆಯ ಮುಂದಿಟ್ಟಿತು, ಚೀನಾದ ಬೆಂಬಲವಿತ್ತು. ಅಧ್ಯಕ್ಷತೆ ವಹಿಸಿದ್ದ ಅಲೋಕ್ ಶರ್ಮಾ ಕ್ಷಮೆ ಕೇಳುತ್ತಾ ಗದ್ಗದಿತರಾದರು. ಒಂದು ಪದಕ್ಕೆ ಇಷ್ಟು ರಂಪವೇ ಎಂದು ಆಗ ಹಲವರಿಗೆ ಅನಿಸಿತು. ನನಗನಿಸುವುದು ಬೇರೆ: ನಾಲ್ಕು ದಿನದ ದಾಸ್ತಾನು ನೋಡಿ ಬಂದವರು ಇನ್ನಾವ ಪದಕ್ಕೂ ಸಹಿ ಹಾಕುತ್ತಿರಲಿಲ್ಲ.

ಇದು ಬಡ ದೇಶಗಳ ಭಯ ಮಾತ್ರ ಎನ್ನುವಂತಿರಲಿಲ್ಲ. ಮೂರೇ ತಿಂಗಳಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿತು. ಜರ್ಮನಿ ತನಗೆ ಬೇಕಾದ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ರಷ್ಯಾದಿಂದಲೇ ತರಿಸಿಕೊಳ್ಳುತ್ತಿತ್ತು. ಆ ಕೊಳವೆ ಬರಿದಾಗತೊಡಗಿದಾಗ, ಮೀಸಲಿಗೆ ಸರಿಸಿದ್ದ ಕಲ್ಲಿದ್ದಲು ಘಟಕಗಳನ್ನು ಮತ್ತೆ ಹೊತ್ತಿಸುವ ನಿರ್ಧಾರಕ್ಕೆ ಸಹಿ ಹಾಕಿದವರು ಹಸಿರು ಪಕ್ಷದ ಸಚಿವ ರಾಬರ್ಟ್ ಹಾಬೆಕ್. ಇದು ಕಹಿ ಎಂದು ಅವರೇ ಒಪ್ಪಿಕೊಂಡರು. 2023ರ ಜನವರಿಯಲ್ಲಿ ಲ್ಯುಟ್ಸೆರಾಟ್ ಎಂಬ ಊರನ್ನು ಪಕ್ಕದ ಕಂದು ಕಲ್ಲಿದ್ದಲಿನ ಗಣಿಗಾಗಿ ತೆರವುಗೊಳಿಸಲಾಯಿತು; ಕೆಸರಿನಲ್ಲಿ ಪೊಲೀಸರೂ ಪ್ರತಿಭಟನಕಾರರೂ ತಳ್ಳಾಡಿದರು. ಅದೇ ಏಪ್ರಿಲ್‌ನಲ್ಲಿ ದೇಶದ ಕೊನೆಯ ಮೂರು ಪರಮಾಣು ಘಟಕಗಳಿಗೆ ಬೀಗ ಬಿತ್ತು. ಕಲ್ಲಿದ್ದಲು ಉರಿಯುತ್ತಿರುವಾಗಲೇ ಇಂಗಾಲವಿಲ್ಲದ ವಿದ್ಯುತ್ತನ್ನು ಆರಿಸಿದ ಈ ಅನುಕ್ರಮ ನನಗೆ ಇವತ್ತಿಗೂ ಅರ್ಥವಾಗುವುದಿಲ್ಲ.

ಆದರೆ ಕಥೆಯ ಬಾಲವನ್ನೂ ಹೇಳಬೇಕು. 2022ರಲ್ಲಿ ಐರೋಪ್ಯ ಒಕ್ಕೂಟದಲ್ಲಿ ಕಲ್ಲಿದ್ದಲಿನ ವಿದ್ಯುತ್ ಏರಿದ್ದು ಅಲ್ಪ, ಮರುವರ್ಷ ಅದು ಸುಮಾರು ಕಾಲು ಭಾಗದಷ್ಟು ಕುಸಿಯಿತು. ಮರಳಿ ಬಂದ ಕಲ್ಲಿದ್ದಲು ಮರಳಿ ಹೋಯಿತು. ಸ್ಥಾವರ ಇರುವುದು ಬೇರೆ, ಅದನ್ನು ಓಡಿಸುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ.

ಸೆಕೆಂಡು, ಸಂಜೆ, ವಾರ

ವಿದ್ಯುತ್ ಜಾಲದ ಸ್ವಭಾವ ವಿಚಿತ್ರ. ಬೇಡಿಕೆ ಮತ್ತು ಉತ್ಪಾದನೆ ಪ್ರತಿ ಕ್ಷಣವೂ ಸರಿತೂಗಬೇಕು. ಸಮ ಇದೆಯೇ ಎಂದು ತಿಳಿಸುವ ನಾಡಿಮಿಡಿತ ಎಂದರೆ ಆವರ್ತನ. ಜಗತ್ತಿನ ಬಹುಪಾಲು ಕಡೆ ಅದು 50 ಹರ್ಟ್ಜ್. ಬೇಡಿಕೆ ಮೇಲಾದರೆ ಇಳಿಯುತ್ತದೆ, ಉತ್ಪಾದನೆ ಮೇಲಾದರೆ ಏರುತ್ತದೆ. ತೀರಾ ಇಳಿದರೆ ಯಂತ್ರಗಳು ತಮ್ಮನ್ನು ತಾವು ಕಾಪಾಡಿಕೊಳ್ಳಲು ಜಾಲದಿಂದ ಕಳಚಿಕೊಳ್ಳುತ್ತವೆ, ಒಂದರ ಹಿಂದೊಂದು, ಮಣಿ ಪೋಣಿಸಿದ ದಾರ ಹರಿದಂತೆ.

ಇಲ್ಲಿ ಕಲ್ಲಿದ್ದಲು ಒಂದಲ್ಲ, ಮೂರು ಬೇರೆ ಬೇರೆ ನೌಕರಿ ಮಾಡುತ್ತಿದೆ. ಚರ್ಚೆ ಗೋಜಲಾಗುವುದು ಮೂರನ್ನೂ ಒಂದೇ ಎಂದು ಮಾತನಾಡುವುದರಿಂದ.

ಮೊದಲನೆಯದು ಸೆಕೆಂಡುಗಳ ನೌಕರಿ. ಸ್ಥಾವರದ ಟರ್ಬೈನು ಮತ್ತು ಜನರೇಟರಿನ ತಿರುಗುವ ಭಾಗ ನೂರಾರು ಟನ್ ತೂಗುತ್ತದೆ, ನಿಮಿಷಕ್ಕೆ ಸಾಮಾನ್ಯವಾಗಿ 3,000 ಸುತ್ತು ತಿರುಗುತ್ತದೆ. ಎಲ್ಲೋ ಒಂದು ಘಟಕ ಕೆಟ್ಟು ನಿಂತರೂ ಈ ತೂಕ ತನ್ನ ವೇಗದ ಬಲದಿಂದ ಕೆಲವು ಸೆಕೆಂಡು ಆವರ್ತನವನ್ನು ಹಿಡಿದು ನಿಲ್ಲಿಸುತ್ತದೆ. ಸೌರ ಫಲಕದಲ್ಲಿ ತಿರುಗುವುದು ಏನೂ ಇಲ್ಲ. ಇದನ್ನು ಸರಿಪಡಿಸಬಹುದು: ಬ್ಯಾಟರಿಗಳು ಕಣ್ಣು ಮಿಟುಕಿಸುವುದರೊಳಗೆ ವಿದ್ಯುತ್ ಕೊಡುತ್ತವೆ, ಇಂಧನವನ್ನೇ ಉರಿಸದೆ ಸುಮ್ಮನೆ ತಿರುಗುತ್ತಾ ಜಾಲಕ್ಕೆ ತೂಕ ಕೊಡುವ ಯಂತ್ರಗಳೂ ಇವೆ. ಆಸ್ಟ್ರೇಲಿಯಾದ ದಕ್ಷಿಣ ಆಸ್ಟ್ರೇಲಿಯಾ ರಾಜ್ಯ ಇದನ್ನು ಪೆಟ್ಟು ತಿಂದು ಕಲಿಯಿತು. 2016ರ ಮೇ ತಿಂಗಳಲ್ಲಿ ಅದು ಕೊನೆಯ ಕಲ್ಲಿದ್ದಲು ಸ್ಥಾವರ ಮುಚ್ಚಿತು. ಸೆಪ್ಟೆಂಬರ್ 28ರಂದು ಬಿರುಗಾಳಿಗೆ ವಿದ್ಯುತ್ ಗೋಪುರಗಳು ಉರುಳಿ ಇಡೀ ರಾಜ್ಯ ಕತ್ತಲಾಯಿತು. ಮರುವರ್ಷ ಹಾರ್ನ್ಸ್‌ಡೇಲ್ ಎಂಬಲ್ಲಿ ಆಗ ಜಗತ್ತಿನಲ್ಲೇ ದೊಡ್ಡದೆನಿಸಿದ ಬ್ಯಾಟರಿ ಬಂತು, ಕೆಲವು ವರ್ಷಗಳಲ್ಲಿ ಆ ತಿರುಗುವ ಯಂತ್ರಗಳೂ ಬಂದವು. ಆ ರಾಜ್ಯ ಕಲ್ಲಿದ್ದಲಿಗೆ ಮರಳಲಿಲ್ಲ.

ಎರಡನೆಯದು ಸಂಜೆಯ ನೌಕರಿ. ಸೂರ್ಯ ಇಳಿಯುವ ಹೊತ್ತಿಗೇ ಮನೆಗಳಲ್ಲಿ ದೀಪ, ಫ್ಯಾನು, ಒಲೆ ಎಲ್ಲ ಒಟ್ಟಿಗೆ ಎದ್ದು ಕೂರುತ್ತವೆ. ಮಧ್ಯಾಹ್ನ ಹರಿದು ಹೋದ ಸೌರವಿದ್ಯುತ್ ಆಗ ಇಲ್ಲ. ಭಾರತದ ಉದಾಹರಣೆ ನೋಡಿ: 2025ರಲ್ಲಿ ಅದರ ಸ್ಥಾಪಿತ ಸಾಮರ್ಥ್ಯದ ಅರ್ಧ ಪಾಲು ಪಳೆಯುಳಿಕೆಯೇತರ ಮೂಲಗಳದ್ದಾಯಿತು. ಆದರೂ ನಿಜವಾಗಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಶೇ 70ರ ಆಸುಪಾಸು ಕಲ್ಲಿದ್ದಲಿನದೇ. ಫಲಕ ರಾತ್ರಿ ಮಲಗುತ್ತದೆ, ಬಾಯ್ಲರ್ ಮಲಗುವುದಿಲ್ಲ. 'ಇಷ್ಟು ಗಿಗಾವಾಟ್ ಸ್ಥಾಪಿಸಿದೆವು' ಎಂಬ ಸುದ್ದಿ ಓದುವಾಗ ಈ ಅಂತರ ನೆನಪಿನಲ್ಲಿರಲಿ.

ಇದಕ್ಕೂ ಮದ್ದು ಇದೆ. ಮೊದಲು ಹೇಳಿದ ಸಾವಿರ ಮೆಗಾವಾಟ್ ಸ್ಥಾವರವನ್ನೇ ತೆಗೆದುಕೊಂಡರೆ, ಸಂಜೆಯ ನಾಲ್ಕು ಗಂಟೆ ಅದು ಕೊಡುವುದು 4,000 ಮೆಗಾವಾಟ್-ಗಂಟೆ. ಹಾರ್ನ್ಸ್‌ಡೇಲ್ ಬ್ಯಾಟರಿ ಶುರುವಿನಲ್ಲಿ ಹಿಡಿಯುತ್ತಿದ್ದದ್ದು 129. ಅಂಥ ಮೂವತ್ತೊಂದು ಬೇಕು. 2017ರಲ್ಲಿ ಇದು ಹಗಲುಗನಸು. ಈಗ ಕ್ಯಾಲಿಫೋರ್ನಿಯಾದ ಒಂದೇ ಸೌರ ಯೋಜನೆಯ ಬಳಿ ಮೂರು ಸಾವಿರ ಮೆಗಾವಾಟ್-ಗಂಟೆಗೂ ಮೀರಿದ ಬ್ಯಾಟರಿ ಇದೆ. 2010ರಿಂದೀಚೆಗೆ ಲಿಥಿಯಂ ಬ್ಯಾಟರಿಯ ಬೆಲೆ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿದಿದೆ. ನೀರನ್ನು ಹಗಲು ಮೇಲಿನ ಕೆರೆಗೆ ಎತ್ತಿ ಸಂಜೆ ಕೆಳಗೆ ಹರಿಸಿ ವಿದ್ಯುತ್ ಪಡೆಯುವ ಪಂಪ್ಡ್ ಸ್ಟೋರೇಜ್ ಇನ್ನೂ ಹಳೆಯ ವಿದ್ಯೆ. ಸಂಜೆಯ ಕೆಲಸವನ್ನು ಕಲ್ಲಿದ್ದಲಿನ ಕೈಯಿಂದ ಕಿತ್ತುಕೊಳ್ಳುವುದು ಈಗ ಹಣದ ಪ್ರಶ್ನೆ, ವಿಜ್ಞಾನದ ಪ್ರಶ್ನೆಯಲ್ಲ.

ಮೂರನೆಯದು ವಾರಗಳ ನೌಕರಿ, ಇದೇ ಗಟ್ಟಿ ಕಾಯಿ. ಉತ್ತರ ಯುರೋಪಿನ ಚಳಿಗಾಲದಲ್ಲಿ ಮೋಡ ಕವಿದು, ಗಾಳಿಯೂ ನಿಂತು, ದಿನಗಟ್ಟಲೆ ಹಾಗೇ ಇರುವುದುಂಟು. 'ಕತ್ತಲೆಯ ನಿಶ್ಚಲತೆ' ಎಂಬರ್ಥದ ಒಂದು ಪದವೇ ಜರ್ಮನ್ ಭಾಷೆಯಲ್ಲಿದೆ. ಮತ್ತೆ ನಮ್ಮ ಅಂಗಳಕ್ಕೆ ಬನ್ನಿ. ಹದಿನೈದು ದಿನದ ದಾಸ್ತಾನು ಇದ್ದರೆ ಆ ಗುಡ್ಡದೊಳಗೆ 3,60,000 ಮೆಗಾವಾಟ್-ಗಂಟೆ ಮಲಗಿದೆ. ಸುಮಾರು 2,800 ಹಾರ್ನ್ಸ್‌ಡೇಲ್‌ಗಳು. ಅದೂ ಒಂದೇ ಸ್ಥಾವರದ ಅಂಗಳದಲ್ಲಿ, ಕಾವಲಿಗೆ ಒಂದು ಬುಲ್ಡೋಜರು ಮತ್ತು ನೀರಿನ ಕೊಳವೆ ಇಟ್ಟುಕೊಂಡು. ಇಷ್ಟು ಅಗ್ಗದ ಕಣಜವನ್ನು ಮನುಷ್ಯ ಇನ್ನೂ ಬೇರೆ ಯಾವುದರಲ್ಲೂ ಕಟ್ಟಿಲ್ಲ. ದೊಡ್ಡ ಜಲಾಶಯವಿರುವ ನಾರ್ವೆಯಂಥ ದೇಶ ಬಚಾವು. ಉಳಿದವರು ಪಕ್ಕದ ದೇಶಗಳ ಜೊತೆ ತಂತಿ ಬೆಸೆಯುವುದು, ಪರಮಾಣು ಶಕ್ತಿ, ಅಪರೂಪಕ್ಕೆ ಉರಿಯುವ ಅನಿಲ ಎಂದು ಹಲವನ್ನು ಹೆಣೆಯಬೇಕಾಗುತ್ತದೆ.

ಹಾಗಿದ್ದರೆ ಗುಡ್ಡವನ್ನು ಇಟ್ಟುಕೊಂಡೇ ಉರಿಸುವುದನ್ನು ಕಡಿಮೆ ಮಾಡಬಹುದಲ್ಲ? ಹೌದು, ನನ್ನ ಮಟ್ಟಿಗೆ ಇಡೀ ಜಗಳದ ಗಂಟು ಬಿಚ್ಚುವುದು ಇಲ್ಲೇ. ವಾತಾವರಣಕ್ಕೆ ಹಾನಿ ಮಾಡುವುದು ಉರಿದ ಕಲ್ಲಿದ್ದಲು. ಭದ್ರತೆ ಕೊಡುವುದು ಬಹುಮಟ್ಟಿಗೆ ಉರಿಯದೆ ಕಾದಿರುವ ಕಲ್ಲಿದ್ದಲು. ವರ್ಷವಿಡೀ ಓಡುವ ಸ್ಥಾವರವನ್ನು ವರ್ಷಕ್ಕೆ ಕೆಲವೇ ವಾರ ಓಡುವ ಕಾವಲುಗಾರನನ್ನಾಗಿ ಮಾಡಿದರೆ ಹೊಗೆಯ ಬಹುಪಾಲು ಕರಗುತ್ತದೆ, ಧೈರ್ಯ ಉಳಿಯುತ್ತದೆ. ಬ್ರಿಟನ್ 2022-23ರ ಚಳಿಗಾಲದಲ್ಲಿ ಮಾಡಿದ್ದು ಇದನ್ನೇ. ಹಳೆಯ ಕಲ್ಲಿದ್ದಲು ಘಟಕಗಳಿಗೆ ಹಣ ಕೊಟ್ಟು ಸಿದ್ಧವಾಗಿರಿಸಿತು.

ಹೇಳಿದಷ್ಟು ಸುಲಭವಲ್ಲ. ತಣ್ಣಗಾದ ಬಾಯ್ಲರನ್ನು ಮತ್ತೆ ಕಾಯಿಸಿ ಪೂರ್ತಿ ಉತ್ಪಾದನೆಗೆ ತರಲು ಹಲವು ಗಂಟೆ ಬೇಕು. ಪದೇ ಪದೇ ಕಾಯಿಸಿ ತಣಿಸಿದರೆ ಕೊಳವೆಗಳ ಲೋಹ ದಣಿದು ಬಿರುಕು ಬಿಡುತ್ತದೆ. ಓಡದ ಸ್ಥಾವರದ ನೌಕರರಿಗೂ ಸಂಬಳ ಕೊಡಬೇಕು. ಯೂನಿಟ್ ಮಾರಿ ಸಾಲ ತೀರಿಸುವ ಲೆಕ್ಕದಲ್ಲಿ ಕಟ್ಟಿದ ಸ್ಥಾವರಕ್ಕೆ 'ಸುಮ್ಮನೆ ಕೂತಿರು, ಕೂಲಿ ಕೊಡುತ್ತೇನೆ' ಎನ್ನಬೇಕಾದರೆ ಹಳೆಯ ಕರಾರುಗಳನ್ನೆಲ್ಲ ತಿರುಗಿ ಬರೆಯಬೇಕು. ಇದರಲ್ಲಿ ಮೋಸಕ್ಕೂ ಜಾಗವಿದೆ: ಕಾವಲಿಗೆಂದು ಉಳಿಸಿಕೊಂಡ ಸ್ಥಾವರ ಲಾಭ ಕಂಡಾಗಲೆಲ್ಲ ಓಡತೊಡಗಬಹುದು. 2021ರ ಪೆಟ್ಟಿನ ನಂತರ ಚೀನಾ ಹೊಸ ಕಲ್ಲಿದ್ದಲು ಸ್ಥಾವರಗಳಿಗೆ ಧಾರಾಳವಾಗಿ ಅನುಮತಿ ಕೊಟ್ಟಿತು, 2023 ಒಂದೇ ವರ್ಷದಲ್ಲಿ 200 ಗಿಗಾವಾಟಿಗೂ ಹೆಚ್ಚು ಸೌರಶಕ್ತಿಯನ್ನೂ ಸೇರಿಸಿತು. ಆ ಸ್ಥಾವರಗಳು ಕಾವಲಿಗೋ ದುಡಿಮೆಗೋ ಎಂಬುದರ ಮೇಲೆ ಜಗತ್ತಿನ ತಾಪದ ಲೆಕ್ಕ ಬಹಳಷ್ಟು ನಿಂತಿದೆ.

ಗುಡ್ಡವೂ ಕೈಕೊಡುತ್ತದೆ

ಕಲ್ಲಿದ್ದಲು ಇದ್ದರೆ ಭದ್ರ ಎಂಬ ನಂಬಿಕೆಗೆ ದಕ್ಷಿಣ ಆಫ್ರಿಕಾವನ್ನು ತೋರಿಸಿದರೆ ಸಾಕು. ಕಾಲಡಿಯಲ್ಲೇ ಕಲ್ಲಿದ್ದಲಿದೆ, ವಿದ್ಯುತ್ತಿನ ಐದರಲ್ಲಿ ನಾಲ್ಕು ಪಾಲು ಅದರಿಂದಲೇ. ಆದರೂ 2007ರಿಂದ ಆಗಾಗ ಕಾಡುತ್ತಿದ್ದ ಲೋಡ್ ಶೆಡ್ಡಿಂಗ್ 2023ರಲ್ಲಿ ವರ್ಷದ ಬಹುತೇಕ ದಿನಗಳಿಗೆ ವ್ಯಾಪಿಸಿತು. ಹಳೆಯ ಯಂತ್ರಗಳು, ಮುಂದೂಡಿದ ದುರಸ್ತಿ, ಕಳ್ಳತನ, ಭ್ರಷ್ಟಾಚಾರ. ನೆಲದೊಳಗಿನ ಕಲ್ಲಿದ್ದಲು ತಾನಾಗಿ ದೀಪ ಹಚ್ಚುವುದಿಲ್ಲ. 2022ರ ಜನವರಿಯಲ್ಲಿ ಇಂಡೊನೇಷ್ಯಾ ತನ್ನ ಸ್ಥಾವರಗಳಿಗೇ ಸಾಲದೆಂದು ಕಲ್ಲಿದ್ದಲು ರಫ್ತು ನಿಲ್ಲಿಸಿತು. ಅದನ್ನೇ ನಂಬಿದ್ದ ಏಷ್ಯಾದ ದೇಶಗಳು ಕಕ್ಕಾಬಿಕ್ಕಿಯಾದವು. 1974ರಲ್ಲಿ ಬ್ರಿಟನ್ನಿನ ಗಣಿ ಕಾರ್ಮಿಕರ ಹೋರಾಟಕ್ಕೆ ಉದ್ದಿಮೆಗಳು ವಾರಕ್ಕೆ ಮೂರೇ ದಿನ ವಿದ್ಯುತ್ ಬಳಸಬೇಕಾಯಿತು. 2022ರ ಆಗಸ್ಟ್‌ನಲ್ಲಂತೂ, ಅನಿಲದ ಬದಲಿಗೆಂದು ಜರ್ಮನಿ ಕಲ್ಲಿದ್ದಲಿನತ್ತ ಕೈಚಾಚಿದಾಗಲೇ ಬರಗಾಲಕ್ಕೆ ರೈನ್ ನದಿ ಬತ್ತಿ, ಕಲ್ಲಿದ್ದಲು ಹೊರುವ ದೋಣಿಗಳು ಅರೆಬರೆ ತುಂಬಿಕೊಂಡು ತೆವಳಬೇಕಾಯಿತು.

ಎದುರಿನ ವಾದವೂ ಪೊಳ್ಳಲ್ಲ. ಸೌರ ಫಲಕ ತಯಾರಿಕೆಯ ಪ್ರತಿ ಹಂತದಲ್ಲೂ ಚೀನಾದ ಪಾಲು ಶೇ 80ಕ್ಕೂ ಹೆಚ್ಚು. ಕಲ್ಲಿದ್ದಲಿನ ಹಗ್ಗ ಬಿಚ್ಚಿ ಇನ್ನೊಂದು ಹಗ್ಗ ಕಟ್ಟಿಕೊಳ್ಳುತ್ತಿದ್ದೇವೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಎರಡೂ ಹಗ್ಗ ಒಂದೇ ತರಹದವಲ್ಲ. ಕಲ್ಲಿದ್ದಲಿನ ರೈಲು ನಿಂತರೆ ವಾರದಲ್ಲಿ ಕತ್ತಲೆ. ಫಲಕದ ಹಡಗು ನಿಂತರೆ ಹೊಸ ಫಲಕ ಬರುವುದಿಲ್ಲ ಅಷ್ಟೆ. ಚಾವಣಿ ಏರಿದ್ದು ಇನ್ನೂ ಇಪ್ಪತ್ತೈದು ವರ್ಷ ಬಿಸಿಲು ಕಾಯುತ್ತದೆ. ಪಾಕಿಸ್ತಾನದಲ್ಲಿ ಇದು ಕಣ್ಣೆದುರೇ ನಡೆಯಿತು. 2022ರಲ್ಲಿ ಯುರೋಪ್ ದುಬಾರಿ ಬೆಲೆ ಕೊಟ್ಟು ದ್ರವೀಕೃತ ಅನಿಲವನ್ನೆಲ್ಲ ಬಾಚಿಕೊಂಡಾಗ ಆ ದೇಶಕ್ಕೆ ಅನಿಲವೂ ಸಿಗಲಿಲ್ಲ, ವಿದ್ಯುತ್ ದರವೂ ಏರಿತು. ಸರ್ಕಾರ ದೇಶೀ ಕಲ್ಲಿದ್ದಲಿನ ಯೋಜನೆ ಘೋಷಿಸುತ್ತಿದ್ದಾಗ ಜನ ಅಗ್ಗದ ಫಲಕ ತರಿಸಿ ಚಾವಣಿಗೆ ಹಾಕಿಕೊಂಡರು. 2024 ಒಂದೇ ವರ್ಷ ಬಂದಿಳಿದ ಫಲಕಗಳು ಸುಮಾರು 17 ಗಿಗಾವಾಟಿನಷ್ಟು.

ಕೊನೆಯದಾಗಿ, ಗುಡ್ಡವನ್ನು ನಂಬಿ ಬದುಕುವವರು. ದಕ್ಷಿಣ ಆಫ್ರಿಕಾದ ಕೊಮಾಟಿ ಸ್ಥಾವರ 2022ರ ಅಕ್ಟೋಬರ್‌ನಲ್ಲಿ ನಿಂತಿತು; ಬದಲಿ ಕೆಲಸದ ಮಾತು ಕೆಲಸಕ್ಕಿಂತ ಬಹಳ ಮೊದಲೇ ಆ ಊರು ತಲುಪಿತ್ತು. ಭಾರತದ ರೈಲ್ವೆಯ ಸರಕು ಸಾಗಣೆಯಲ್ಲಿ ಅರ್ಧದಷ್ಟು ಕಲ್ಲಿದ್ದಲೇ, ಆ ಆದಾಯದಿಂದಲೇ ಪ್ರಯಾಣಿಕರ ಟಿಕೆಟ್ ಅಗ್ಗವಾಗಿರುವುದು. ಹೀಗಾಗಿ ಸ್ಥಾವರದ ಬೀಗದ ಬಿಸಿ ಗಣಿಯಿಂದ ಬಹುದೂರ ಇರುವವರಿಗೂ ತಟ್ಟುತ್ತದೆ. 2021ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಶ್ರೀಮಂತ ದೇಶಗಳು 850 ಕೋಟಿ ಡಾಲರ್ ನೆರವು ಘೋಷಿಸಿದವು. ಅದರಲ್ಲಿ ದಾನ ಕಡಿಮೆ, ಸಾಲವೇ ಹೆಚ್ಚು.

ಬಿಟ್ಟು ತೋರಿಸಿದ ಬ್ರಿಟನ್ನಿನ ಕಥೆಯನ್ನು ಈ ಬೆಳಕಿನಲ್ಲೇ ಓದಬೇಕು. 1882ರಲ್ಲಿ ಲಂಡನ್ನಿನ ಹಾಲ್ಬರ್ನ್ ವಯಡಕ್ಟ್‌ನಲ್ಲಿ ಜನರಿಗೆ ಕಲ್ಲಿದ್ದಲಿನ ವಿದ್ಯುತ್ ಕೊಟ್ಟ ದೇಶ ಅದು. 2012ರಲ್ಲೂ ಅದರ ವಿದ್ಯುತ್ತಿನ ಸುಮಾರು ಶೇ 40 ಕಲ್ಲಿದ್ದಲಿನದೇ. 2013ರಲ್ಲಿ ಇಂಗಾಲಕ್ಕೆ ಕನಿಷ್ಠ ಬೆಲೆ ಕಟ್ಟಿತು, ಸಮುದ್ರದಲ್ಲಿ ಗಾಳಿಯಂತ್ರ ನೆಟ್ಟಿತು, ನೆರೆ ದೇಶಗಳಿಗೆ ಕಡಲಡಿಯ ತಂತಿ ಎಳೆಯಿತು. ಗಾಳಿ ನಿಂತ ದಿನಗಳಿಗೆ ಅನಿಲ ಸ್ಥಾವರಗಳನ್ನು ಉಳಿಸಿಕೊಂಡಿತು, ಈಗಲೂ ಉಳಿಸಿಕೊಂಡಿದೆ. ಕೊನೆಯದಾಗಿ ಉಳಿದದ್ದು ರ್‍ಯಾಟ್‌ಕ್ಲಿಫ್ ಸ್ಥಾವರ. 2024ರ ಜೂನ್ 28ರಂದು ಅಲ್ಲಿಗೆ ಕೊನೆಯ ಕಲ್ಲಿದ್ದಲಿನ ರೈಲು ಬಂತು, ಅದರಲ್ಲಿದ್ದದ್ದು ಸುಮಾರು 1,650 ಟನ್. ಐದು ಲಕ್ಷ ಮನೆಗಳಿಗೆ ಎಂಟು ಗಂಟೆಯ ವಿದ್ಯುತ್. ಅಲ್ಲಿಂದ ಸ್ಥಾವರ ಮುಚ್ಚಿದ ಸೆಪ್ಟೆಂಬರ್ 30ರವರೆಗೆ ಅಂಗಳದ ಗುಡ್ಡ ದಿನೇ ದಿನೇ ಕರಗುತ್ತಿತ್ತು, ಇನ್ನೊಂದು ರೈಲನ್ನು ಯಾರೂ ತರಿಸಲಿಲ್ಲ.